ಜನವರಿಯಲ್ಲಿ ಯಾವ ದ್ವೀಪದ ಬೀಚ್? ನನಗೆ ಈಜು, ತಮ್ಮನಿಗೆ ಸರ್ಫಿಂಗ್, ಅಮ್ಮನಿಗೆ ನೆರಳು

ಕೇಳಿದವರು, ಜಯನಗರ:

ಜನವರಿ ಕೊನೇ ವಾರ ಎಂಟು ದಿನ ರಜೆ ಸಿಕ್ಕಿದೆ. ಮೂರು ಜನ ಹೊರಟಿದ್ದೇವೆ. ನಾನು ಈಜುಕೊಳದಲ್ಲಿ ಚೆನ್ನಾಗಿ ಈಜುತ್ತೇನೆ, ಸಮುದ್ರದಲ್ಲಿ ಈಜಿ ಅಭ್ಯಾಸ ಇಲ್ಲ. ತಮ್ಮನಿಗೆ ಸರ್ಫಿಂಗ್ ಕಲಿಯುವ ಹುಚ್ಚು. ಅಮ್ಮನಿಗೆ ಮಂಡಿನೋವು, ಅವರಿಗೆ ಬೇಕಿರುವುದು ನೆರಳು, ಒಂದು ಕುರ್ಚಿ, ಬಿಸಿ ಕಾಫಿ. ಊಟ ಪಕ್ಕಾ ವೆಜ್, ಮೊಟ್ಟೆಯೂ ಇಲ್ಲ. ಅಂಡಮಾನ್, ಶ್ರೀಲಂಕಾ, ಬಾಲಿ, ಮೂರರ ಫೋಟೋ ನೋಡಿ ನೋಡಿ ತಲೆ ಕೆಟ್ಟಿದೆ. ಎಲ್ಲಾ ಒಂದೇ ಥರ ನೀಲಿ. ಹೋಗಿ ಬಂದವರು ಹೇಳಿ. "ಎಲ್ಲಾ ಕಡೆ ಚೆನ್ನಾಗಿದೆ" ಅಂತ ಮಾತ್ರ ಹೇಳಬೇಡಿ ದಯವಿಟ್ಟು.

ಮೂಲ್ಕಿ ಕಡೆಯವರು:

ಮೇಡಂ, ನೀವು ಕೇಳಿದ ಮೂರೂ ಒಂದೇ ಬೀಚಿನಲ್ಲಿ ಸಿಗುವುದು ಕಷ್ಟ. ತಮ್ಮನಿಗೆ ತೆರೆ ಒಡೆಯುವ ಜಾಗ ಬೇಕು. ನಿಮಗೆ ತೆರೆ ಇಲ್ಲದ ಜಾಗ ಬೇಕು. ಹಾಗಾಗಿ ಬೀಚ್ ಹುಡುಕಬೇಡಿ, ಊರು ಹುಡುಕಿ. ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ಎರಡು ಮೂರು ಥರದ ನೀರು ಇರುವ ಊರು.

ಇನ್ನೊಂದು. ಹೊರಡುವ ಮುಂಚೆ ತಮ್ಮನನ್ನು ಒಂದು ಶನಿವಾರ, ಭಾನುವಾರ ಇಲ್ಲಿಗೆ ಕಳಿಸಿ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮೂಲ್ಕಿ. ಮಂತ್ರ ಸರ್ಫ್ ಕ್ಲಬ್ 2004ರಿಂದ ಇದೆ. ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೇ ನಡೆದಿದೆ. ಸರ್ಫಿಂಗ್‌ನಲ್ಲಿ ಮೊದಲ ಎರಡು ದಿನ ಹೋಗುವುದೇ ಬೋರ್ಡ್ ಮೇಲೆ ಮಲಗುವುದು, ಕೈಯಲ್ಲಿ ನೀರು ಎಳೆಯುವುದು, ದಬಕ್ಕಂತ ಬೀಳುವುದು. ನಾನು ಮೊದಲ ದಿನ ಎರಡು ಗಂಟೆಯಲ್ಲಿ ನಿಂತಿದ್ದು ಮೂರೇ ಸಲ, ಅದೂ ಮೂರು ಮೂರು ಸೆಕೆಂಡು. ಹೊಟ್ಟೆ, ಎದೆ ಎಲ್ಲಾ ಬೋರ್ಡಿಗೆ ಉಜ್ಜಿ ಕೆಂಪಾಗಿತ್ತು. ಆ ಬೀಳಾಟ ಇಲ್ಲೇ ಮುಗಿಸಿಕೊಂಡರೆ ಅಲ್ಲಿ ದುಡ್ಡೂ ಉಳಿಯುತ್ತದೆ, ದಿನವೂ ಉಳಿಯುತ್ತದೆ. ತೋಳಿರುವ ಈಜು ಬಟ್ಟೆ ಮರೆಯಬೇಡಿ, ರ‍್ಯಾಶ್ ಗಾರ್ಡ್ ಅಂತ ಸಿಗುತ್ತದೆ.

ಈಗ ನಿಮಗೆ. ಈಜುಕೊಳದವರಿಗೆ ಸಮುದ್ರದಲ್ಲಿ ಮೋಸ ಮಾಡುವುದು ತೆರೆಯಲ್ಲ, ಸೆಳೆತ. ತೆರೆ ದಡಕ್ಕೆ ತಂದ ನೀರು ವಾಪಸ್ ಹೋಗಬೇಕಲ್ಲ? ಅದು ಒಂದು ಕಿರಿದಾದ ದಾರಿ ಹಿಡಿದು ಜೋರಾಗಿ ಹೋಗುತ್ತದೆ. ಆ ದಾರಿಯಲ್ಲಿ ಆಳ ಜಾಸ್ತಿ, ಅದಕ್ಕೇ ಅಲ್ಲಿ ತೆರೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ. ದಡದಿಂದ ನೋಡಿದರೆ ಇಡೀ ಬೀಚಿನಲ್ಲಿ ಅದೇ ಶಾಂತವಾದ ಜಾಗ. ಹೊಸಬರು ಸರಿಯಾಗಿ ಅಲ್ಲೇ ಇಳಿಯುತ್ತಾರೆ. ಎಳೆದುಕೊಂಡು ಹೋದರೆ ದಡದ ಕಡೆ ಜಿದ್ದಿಗೆ ಬಿದ್ದು ಈಜಬೇಡಿ. ತೇಲಿಕೊಂಡಿರಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆ ಕಂಡ ಮೇಲೆ ಒಳಗೆ ಬನ್ನಿ. ನೀರಿಗೆ ಇಳಿಯುವ ಮುಂಚೆ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಅಲ್ಲಿನ ಬೋರ್ಡ್ ಬಾಡಿಗೆ ಹುಡುಗರನ್ನು ಕೇಳಿ, ಅವರಿಗೆ ಪ್ರತಿ ಅಂಗುಲ ಗೊತ್ತಿರುತ್ತದೆ.

ಬಾಲಿಗೆ ಎರಡು ಸಲ ಹೋದವರು:

ಬಾಲಿ ನನಗೆ ಪ್ರಾಣ. ಆದರೆ ಜನವರಿಯಲ್ಲಿ ಬೇಡ. ಅಲ್ಲಿ ಅದು ಮಳೆಗಾಲ. ಪಶ್ಚಿಮದ ಗಾಳಿಗೆ ಕುಟಾ ಕಡೆಯ ದಡದ ತುಂಬ ಪ್ಲಾಸ್ಟಿಕ್, ಮರದ ತುಂಡು ಬಂದು ಬೀಳುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋದರೆ ಕುಟಾದ ಮರಳಿನ ಮೇಲೆ ಸರ್ಫಿಂಗ್ ಕಲಿಯಬಹುದು, ಆ ಕಡೆ ಸಾನೂರ್‌ನಲ್ಲಿ ಅಮ್ಮಂದಿರು ಆರಾಮಾಗಿ ಕೂರಬಹುದು. ಉಲುವಾಟು ಫೋಟೋ ನೋಡಿ ತಮ್ಮ ಕುಣಿದರೆ ಕೇಳಬೇಡಿ, ಅಲ್ಲಿ ಕೆಳಗೆ ಹವಳದ ಬಂಡೆ.

ಚಿಕ್ಕಮಗಳೂರಿನವರು:

ನಾವು ಹೋದ ವರ್ಷ ಫೆಬ್ರವರಿಯಲ್ಲಿ ಅಂಡಮಾನ್ ಮಾಡಿ ಬಂದೆವು. ಈಜುವುದಕ್ಕೆ ಅದರ ಮುಂದೆ ಯಾವುದೂ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ ನಾವು ಒಂದು ತಪ್ಪು ಮಾಡಿದೆವು, ನೀವು ಮಾಡಬೇಡಿ.

ಹ್ಯಾವ್‌ಲಾಕ್‌ನಲ್ಲಿ, ಈಗ ಸ್ವರಾಜ್ ದ್ವೀಪ, ಪೂರ್ವ ದಡದಲ್ಲಿ ರೂಮು ತೆಗೆದುಕೊಂಡಿದ್ದೆವು. ಫೋಟೋದಲ್ಲಿ ನೀರು ರೂಮಿನ ಮೆಟ್ಟಿಲ ತನಕ. ಬೆಳಿಗ್ಗೆ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರೆ ನೀರೇ ಇಲ್ಲ! ಕಣ್ಣು ಹಾಯುವಷ್ಟು ದೂರ ಕಲ್ಲು, ಸತ್ತ ಹವಳ, ಕೆಸರು, ಪಕ್ಕಕ್ಕೆ ವಾಲಿ ನಿಂತ ದೋಣಿಗಳು. ಫೋಟೋ ತೆಗೆದಿದ್ದು ಸಮುದ್ರ ಏರುವ ಭರತದಲ್ಲಿ, ನಾವು ಎದ್ದಿದ್ದು ನೀರು ಹಿಂದೆ ಸರಿಯುವ ಇಳಿತದಲ್ಲಿ. ಅಲ್ಲಿ ದಿನಕ್ಕೆ ಎರಡು ಸಲ ಹೀಗೆ. ಭರತ ಇಳಿತದ ಹೊತ್ತು ನೋಡಿಕೊಂಡೇ ದಿನದ ಪ್ಲಾನ್ ಮಾಡಬೇಕು. ನೀಲ್ ದ್ವೀಪದ ಭರತ್‌ಪುರ ಬೀಚೂ ಅಷ್ಟೇ, ಭರತ ಇದ್ದಾಗ ಸ್ವರ್ಗ. ಲಕ್ಷ್ಮಣ್‌ಪುರದ ಕಲ್ಲಿನ ಕಮಾನು ನೋಡಲು ಮಾತ್ರ ಇಳಿತವೇ ಬೇಕು.

ಪಶ್ಚಿಮದ ರಾಧಾನಗರ ಬೀಚಿಗೆ ಈ ತೊಂದರೆ ಕಡಿಮೆ. ಎರಡು ಕಿಲೋಮೀಟರ್ ಬಿಳಿ ಮರಳು, ಹಿಂದೆಯೇ ದೊಡ್ಡ ದೊಡ್ಡ ಮರ, ಅಮ್ಮನಿಗೆ ನೆರಳೋ ನೆರಳು. 2020ರಲ್ಲಿ ನಮ್ಮ ಪಡುಬಿದ್ರಿ, ಕಾಸರಕೋಡಿನ ಜೊತೆಗೇ ಬ್ಲೂ ಫ್ಲಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚು ಅನ್ನುವ ಮನ್ನಣೆ, ಸಿಕ್ಕ ಬೀಚು ಅದು. ಗುರುತು ಹಾಕಿದ ಜಾಗ ಬಿಟ್ಟು ಮೂಲೆಗೆ ಹೋಗಬೇಡಿ. ಪಕ್ಕದ ನೀಲ್ಸ್ ಕೋವ್‌ನಲ್ಲಿ 2010ರಲ್ಲಿ ಅಮೆರಿಕದ ಒಬ್ಬ ಪ್ರವಾಸಿ ಮೊಸಳೆಗೆ ಬಲಿಯಾದರು. ಉಪ್ಪುನೀರಿನ ಮೊಸಳೆ ಅಂಡಮಾನ್‌ನಲ್ಲಿ ಕಥೆಯಲ್ಲ. ಇನ್ನೊಂದು, ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇಗ. ಜನವರಿಯಲ್ಲಿ ಸಂಜೆ ಐದೂಕಾಲರ ಹೊತ್ತಿಗೆಲ್ಲ ಮುಳುಗಿಬಿಡುತ್ತಾನೆ. ಮಧ್ಯಾಹ್ನ ನಿದ್ದೆ ಮಾಡಿ ಎದ್ದರೆ ದಿನ ಮುಗಿಯಿತು.

ತಮ್ಮನಿಗೆ ಮಾತ್ರ ಅಲ್ಲಿ ಕೆಲಸ ಇಲ್ಲ. ಸರ್ಫಿಂಗ್ ಬೇಕು ಅಂದರೆ ಲಿಟಲ್ ಅಂಡಮಾನ್ ತನಕ ಹಡಗಿನಲ್ಲಿ ಹೋಗಬೇಕು. ಅಮ್ಮನನ್ನು ಕಟ್ಟಿಕೊಂಡು ಅದು ಆಗದ ಮಾತು.

ಕೊಚ್ಚಿಯಲ್ಲಿರುವ ಕನ್ನಡಿಗರು:

ಲಕ್ಷದ್ವೀಪ ಯಾರೂ ಹೇಳಲಿಲ್ಲ! ಅಲ್ಲಿನ ಕಡಮತ್ ದ್ವೀಪದ ಲಗೂನ್‌ನಲ್ಲಿ ಕತ್ತಿನ ತನಕ ನೀರಲ್ಲಿ ನಿಂತರೂ ಕಾಲಿನ ಬೆರಳು ಕಾಣುತ್ತದೆ. ಪರ್ಮಿಟ್ ಮಾಡಿಸಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಸುತ್ತ ಹವಳದ ಗೋಡೆ ಇರುವುದರಿಂದ ಒಳಗೆ ತೆರೆ ಬರುವುದಿಲ್ಲ. ಅಂದರೆ ನಿಮಗೆ ಹಬ್ಬ, ತಮ್ಮನಿಗೆ ಇಲ್ಲೂ ಉಪವಾಸ.

ಕೊಲಂಬೊದಲ್ಲಿ ಎರಡು ವರ್ಷ ಕೆಲಸ ಮಾಡಿದವರು:

ಅಕ್ಕಾ, ಜನವರಿ ಅಂದಿರಿ, ಮೂರು ಜನ ಅಂದಿರಿ. ಕಣ್ಣು ಮುಚ್ಚಿಕೊಂಡು ಶ್ರೀಲಂಕಾದ ದಕ್ಷಿಣ ದಡ. ಯಾಕೆ ಅಂತ ಹೇಳುತ್ತೇನೆ.

ಆ ದ್ವೀಪಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್ ನೈಋತ್ಯದ ಮಳೆ ದಕ್ಷಿಣ ದಡದ ಗಾಲೆ, ವೆಲಿಗಾಮ ಕಡೆ ಬಡಿಯುತ್ತದೆ. ಆಗ ಪೂರ್ವದಲ್ಲಿ ಬಿಸಿಲು. ಡಿಸೆಂಬರ್‌ನಿಂದ ಫೆಬ್ರವರಿ ತಿರುಗುಮುರುಗು. ಈಶಾನ್ಯದ ಮಳೆ ಪೂರ್ವ ದಡದ ಟ್ರಿಂಕೋಮಲಿ, ಅರುಗಂ ಬೇ ಕಡೆ, ದಕ್ಷಿಣದಲ್ಲಿ ತಿಳಿ ಆಕಾಶ. ಒಂದೇ ದೇಶದಲ್ಲಿ ತಪ್ಪು ದಡ ಹಿಡಿದರೆ ರಜೆ ಪೂರ್ತಿ ರೂಮಿನ ಕಿಟಕಿ ನೋಡಬೇಕು. ನನ್ನ ಸ್ನೇಹಿತ ಡಿಸೆಂಬರ್‌ನಲ್ಲಿ ಪೂರ್ವ ದಡದ ಪಾಸಿಕುಡಕ್ಕೆ ಹೋಗಿ ನಾಲ್ಕು ದಿನ ಇಸ್ಪೀಟು ಆಡಿ ಬಂದ. ಅದೇ ಪಾಸಿಕುಡ ಜುಲೈಯಲ್ಲಿ ನೋಡಬೇಕು, ದೂರದ ತನಕ ಸೊಂಟದಷ್ಟೇ ನೀರು, ಮಕ್ಕಳು ಓಡಾಡಿಕೊಂಡಿರುತ್ತಾರೆ.

ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ವಿಮಾನ. ಇಟಿಎ, ಅಂದರೆ ಆ ದೇಶಕ್ಕೆ ಹೋಗುವ ಅನುಮತಿ, ಮುಂಚೆಯೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಿ. ವಿಮಾನ ನಿಲ್ದಾಣದಿಂದ ಕಾರು ತೆಗೆದುಕೊಂಡು ಎಕ್ಸ್‌ಪ್ರೆಸ್‌ವೇ ಹಿಡಿದು ಕೊಕ್ಮಡುವದಲ್ಲಿ ಇಳಿದರೆ ವೆಲಿಗಾಮ. ಕೊಲಂಬೊ ಫೋರ್ಟ್‌ನಿಂದ ರೈಲೂ ಇದೆ, ಬಲಗಡೆ ಕಿಟಕಿ ಸಿಕ್ಕರೆ ಸಮುದ್ರ ಪಕ್ಕದಲ್ಲೇ ಓಡಿಬರುತ್ತದೆ. ಆದರೆ ಅದರಲ್ಲಿ ನೂಕುನುಗ್ಗಲು, ಮಂಡಿನೋವಿನ ಅಮ್ಮನಿಗೆ ಬೇಡ.

ವೆಲಿಗಾಮ ಅಥವಾ ಮಿರಿಸ್ಸಾದಲ್ಲಿ ಒಂದೇ ಕಡೆ ಆರು ರಾತ್ರಿ ಇರಿ. ದಿನಾ ಹೋಟೆಲ್ ಬದಲಾಯಿಸಬೇಡಿ. ವೆಲಿಗಾಮದ್ದು ಅಗಲವಾದ ಕೊಲ್ಲಿ, ತಳದಲ್ಲಿ ಮರಳು, ತೆರೆ ಸಣ್ಣದು. ಸರ್ಫಿಂಗ್ ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಬೆಳಿಗ್ಗೆ ಆರೂವರೆಗೇ ಇಳಿಯಬೇಕು. ಆಗ ಗಾಳಿ ಇರುವುದಿಲ್ಲ, ತೆರೆ ನುಣ್ಣಗೆ ಬರುತ್ತದೆ. ಹತ್ತರ ಮೇಲೆ ಜನಜಾತ್ರೆ, ಒಬ್ಬರ ಬೋರ್ಡ್ ಇನ್ನೊಬ್ಬರ ತಲೆಗೆ. ಪಕ್ಕದ ಮಿಡಿಗಾಮದ ತೆರೆ ಚೆಂದ, ಆದರೆ ಕೆಳಗೆ ಬಂಡೆ, ಮೈತುಂಬ ಮುಳ್ಳಿರುವ ಉಂಡೆಯಂಥ ಕಡಲಜೀವಿಗಳು. ಕಲಿಯುವವರು ಅಲ್ಲಿ ಇಳಿಯಬಾರದು.

ಬೋರ್ಡ್ ಬಾಡಿಗೆ ತೆಗೆದುಕೊಳ್ಳುವಾಗ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ನಮಗೆ ಒಬ್ಬರು ಹಳೇ ಬಿರುಕು ತೋರಿಸಿ ಇದು ನೀವೇ ಮಾಡಿದ್ದು ಅಂತ ದುಡ್ಡು ಕಿತ್ತರು. ಜಗಳ ಮಾಡಿ ಅರ್ಧಕ್ಕೆ ಇಳಿಸಿದೆ.

ನಿಮ್ಮ ಈಜಿಗೆ ಪೊಲ್ಹೇನ, ಮಾತರ ಊರಿಗೆ ಅಂಟಿಕೊಂಡೇ ಇದೆ. ಬಂಡೆಯ ಸಾಲು ತೆರೆಯನ್ನು ಹೊರಗೇ ತಡೆಯುವುದರಿಂದ ಒಳಗೆ ಕೆರೆಯ ಥರ. ಈಜು ಕನ್ನಡಕ, ಉಸಿರಾಡುವ ಕೊಳವೆ ಹಾಕಿಕೊಂಡು ಮೀನು ನೋಡುತ್ತಾ ತೇಲಬಹುದು. ಮಿರಿಸ್ಸಾ ನೋಡಲು ಸುಂದರ, ಆದರೆ ದಡದಲ್ಲೇ ತೆರೆ ಧಡ್ ಅಂತ ಒಡೆಯುತ್ತದೆ. ಸುಮ್ನೆ ಕಾಲು ನೆನೆಸಿಕೊಳ್ಳಲು, ಸಂಜೆಗೆ ಸರಿ. ತಿಮಿಂಗಿಲ ನೋಡುವ ದೋಣಿ ಅಲ್ಲಿಂದಲೇ ಹೊರಡುತ್ತದೆ, ವಾಂತಿ ಮಾತ್ರೆ ಮರೆಯಬೇಡಿ. ತಂಗಾಲೆ ಕಡೆ ನೀರು ಒರಟು, ನಾನು ಅಲ್ಲಿ ಮಂಡಿಯ ಮೇಲೆ ಇಳಿದವನಲ್ಲ.

ಅಮ್ಮನಿಗೆ ಉನವತುನ. ಗಾಲೆ ಕೋಟೆಯ ಪಕ್ಕ. ನೀರಿನ ಅಂಚಿಗೇ ಹೋಟೆಲುಗಳು, ಮೇಜು, ಕುರ್ಚಿ, ಮೇಲೆ ತೆಂಗಿನ ಗರಿ. ಕೊಲ್ಲಿ ಬಾಗಿರುವುದರಿಂದ ನೀರೂ ಶಾಂತ, ನೀವೂ ಈಜಬಹುದು. ಪಕ್ಕದ ಗುಡ್ಡ ರುಮಸ್ಸಲ. ಹನುಮಂತ ಸಂಜೀವಿನಿ ಬೆಟ್ಟ ಹೊತ್ತು ತರುವಾಗ ಒಂದು ಚೂರು ಇಲ್ಲಿ ಬಿತ್ತು ಅಂತ ಅಲ್ಲಿನವರು ಹೇಳುತ್ತಾರೆ. ಇದನ್ನು ಅಮ್ಮನಿಗೆ ಹೇಳಿ ನೋಡಿ, ಮಂಡಿನೋವು ಮರೆತು ಆಟೋ ಹತ್ತುತ್ತಾರೆ.

ಕೇಳಿದವರು:

ತುಂಬಾ ಥ್ಯಾಂಕ್ಸ್. ವೆಲಿಗಾಮ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಊಟದ ಕಥೆ ಹೇಳಲೇ ಇಲ್ಲ. ಅಕ್ಕಿ, ತೆಂಗಿನಕಾಯಿ ದೇಶ, ವೆಜ್ ಸಿಗುತ್ತೆ ಅಲ್ವಾ?

ಕೊಲಂಬೊದಲ್ಲಿದ್ದವರು:

ಸಿಗುತ್ತೆ, ಆದರೆ ಒಂದು ಶಬ್ದ ಬಾಯಿಪಾಠ ಮಾಡಿ: ಉಂಬಲಕಡ. ಒಣಗಿಸಿದ ಮೀನಿನ ಪುಡಿ. ಕಾಯಿ ಚಟ್ನಿಯ ಥರ ಕಾಣುವ ಪೊಲ್ ಸಂಬೋಲಕ್ಕೆ ಹಾಕುತ್ತಾರೆ, ಎಷ್ಟೋ ಸಲ ತರಕಾರಿ ಪಲ್ಯಕ್ಕೂ. ಅವರ ಲೆಕ್ಕದಲ್ಲಿ ಅದು ಮಸಾಲೆ, ಮೀನಲ್ಲ! ವೆಜ್ಜಾ ಅಂತ ಕೇಳಿದರೆ ಹೌದು ಅಂತಲೇ ಹೇಳುತ್ತಾರೆ, ಸುಳ್ಳು ಹೇಳಬೇಕು ಅಂತಲ್ಲ. "ಉಂಬಲಕಡ ಎಪಾ" ಅನ್ನಿ, ಎಪಾ ಅಂದರೆ ಬೇಡ. ಮಸ್ ಮಾಂಸ, ಮಾಳು ಮೀನು, ಬಿತ್ತರ ಮೊಟ್ಟೆ. ಮೂರಕ್ಕೂ ಎಪಾ.

ಇಂದಿಆಪ್ಪ ನಮ್ಮ ಒತ್ತು ಶಾವಿಗೆಯೇ. ಪರಿಪ್ಪು ಅಂದರೆ ಬೇಳೆ. ಕಾಯಿ ಹಾಕಿದ ಪೊಲ್ ರೊಟ್ಟಿ ಬಿಸಿಬಿಸಿ ಸಿಕ್ಕರೆ ಬಿಡಬೇಡಿ. ಚಹಾ ಬಗ್ಗೆ ಹೇಳುವುದೇ ಬೇಡ, ಕಾಫಿ ಮಾತ್ರ ನಮ್ಮ ನಾಲಿಗೆಗೆ ಆಗಲ್ಲ. ಫಿಲ್ಟರು, ಪುಡಿ ಕಟ್ಟಿಕೊಂಡು ಹೋಗಿ. ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು ಮಾರುತ್ತಾರೆ, ಅದರ ಮೇಲೆ ಬಗನಿ ಮರದ ಪಾಕ ಸುರಿದು ಕೊಡುತ್ತಾರೆ. ನಮ್ಮ ಜೋನಿ ಬೆಲ್ಲದ ತಮ್ಮ ಅಂದುಕೊಳ್ಳಿ.

ಕೇಳಿದವರು, ಫೆಬ್ರವರಿಯಲ್ಲಿ:

ಹೋಗಿ ಬಂದೆವು. ಮಳೆ ಒಂದೇ ಒಂದು ಸಂಜೆ, ಅರ್ಧ ಗಂಟೆ.

ತಮ್ಮ ಮೂಲ್ಕಿಗೆ ಹೋಗಿ ಬಂದೇ ಹೊರಟಿದ್ದ. ವೆಲಿಗಾಮದಲ್ಲಿ ಮೂರನೇ ದಿನ ದಡದ ತನಕ ನಿಂತುಕೊಂಡೇ ಬಂದ. ನಾನು ವಿಡಿಯೋ ಮಾಡುತ್ತಿದ್ದೇನೆ ಅಂತ ಕೈ ಬೀಸಲು ಹೋಗಿ ಬಿದ್ದ. ಬೋರ್ಡಿನ ಫೋಟೋ ತೆಗೆದಿಟ್ಟಿದ್ದು ಒಳ್ಳೆಯದಾಯಿತು, ನಮ್ಮ ಹತ್ತಿರವೂ ಅದೇ ಬಿರುಕಿನ ರಾಗ ತೆಗೆದರು. ಫೋನ್ ತೋರಿಸಿದ ಮೇಲೆ ಸುಮ್ಮನಾದರು.

ಪೊಲ್ಹೇನಕ್ಕೆ ನಾವು ಮೊದಲು ಹೋಗಿದ್ದು ಭಾನುವಾರ. ಸ್ಥಳೀಯರು ಬಸ್ಸುಗಟ್ಟಲೆ ಬಂದಿದ್ದರು, ಈಜಲು ಜಾಗವೇ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಮತ್ತೆ ಹೋದೆ. ನಾನು, ಇಬ್ಬರು ಅಜ್ಜಂದಿರು, ಕೆಳಗೆ ಒಂದು ಆಮೆ. ಆಮೆ ಹಾಗೇ ಪಕ್ಕದಲ್ಲಿ ಪಾಚಿ ತಿನ್ನುತ್ತಾ ಇತ್ತು, ನಾನು ಉಸಿರಾಡುವುದನ್ನೂ ಮರೆತು ಕೊಳವೆಯಲ್ಲಿ ನೀರು ಕುಡಿದೆ. ವಾರದ ದಿನವೇ ಹೋಗಿ, ರಬ್ಬರ್ ಚಪ್ಪಲಿ ಹಾಕಿಕೊಂಡೇ ಇಳಿಯಿರಿ, ತಳದಲ್ಲಿ ಅಲ್ಲಲ್ಲಿ ಕಲ್ಲು ಚುಚ್ಚುತ್ತದೆ.

ಅಮ್ಮ ಉನವತುನದಲ್ಲಿ ಎರಡು ದಿನ ಒಂದೇ ಕುರ್ಚಿ ಹಿಡಿದು ಕೂತಿದ್ದರು. ಹೋಟೆಲಿನ ಹೆಂಗಸಿಗೆ ಫಿಲ್ಟರ್ ಕಾಫಿ ಮಾಡಿ ಕುಡಿಸಿದರು, ಆಕೆ ಇವರಿಗೆ ಮೊಸರು, ಪಾಕ. ಒಬ್ಬರಿಗೆ ಕನ್ನಡ, ಒಬ್ಬರಿಗೆ ಸಿಂಹಳ, ಅದೇನು ಮಾತಾಡಿದರೋ. ಎರಡು ಕುಡಿಕೆ ಸೀರೆಯಲ್ಲಿ ಸುತ್ತಿ ಜಯನಗರಕ್ಕೆ ತಂದಿದ್ದಾರೆ.

ತಮ್ಮ ಈಗ ಆಗಸ್ಟ್‌ಗೆ ಅರುಗಂ ಬೇ ಅಂತ ಕೂತಿದ್ದಾನೆ. ಅಲ್ಲಿ ಆ ತಿಂಗಳು ಹೋಗಿ ಬಂದವರು ಇದ್ದರೆ ಬರೆಯಿರಿ, ಕಲಿತು ಒಂದು ವಾರವಾದವರು ಇಳಿಯಬಹುದಾ?

ಮೂಲ್ಕಿ ಕಡೆಯವರು:

ಮೇನ್ ಪಾಯಿಂಟ್ ಅನ್ನುವಲ್ಲಿ ಬೇಡ, ಅಲ್ಲಿ ಪಳಗಿದವರ ಸಾಲು ಇರುತ್ತದೆ, ತಳವೂ ಬಂಡೆ. ಉತ್ತರಕ್ಕೆ ವಿಸ್ಕಿ ಪಾಯಿಂಟ್ ಇದೆ, ಅಲ್ಲಿ ಮೆತ್ತಗೆ. ಅದಕ್ಕೆ ಮುಂಚೆ ಮೇ ಒಳಗೆ ಇನ್ನೆರಡು ಸಲ ಇಲ್ಲಿಗೆ ಕಳಿಸಿ. ಜೂನ್ ಬಂದರೆ ನಮ್ಮ ಕಡಲಿಗೆ ಇಳಿಯುವ ಹಾಗಿಲ್ಲ.