ಸಹಾಯ ಬೇಕು: ಸೀರಿಯಲ್ ಮಾಡುವ ಮಗಳ ಹೆಸರಲ್ಲಿ ಎಫ್‌ಡಿ ಇಡಬೇಕಾದವರು ಯಾರು?

ಎಲ್ಲರಿಗೂ ನಮಸ್ಕಾರ. ಮೂರನೇ ಕ್ಲಾಸ್ ಓದುವ ನನ್ನ ಮಗಳು ಕನ್ನಡ ಸೀರಿಯಲ್ ಒಂದರಲ್ಲಿ ನಾಯಕಿಯ ಮಗಳಾಗಿ ನಟಿಸುತ್ತಿದ್ದಾಳೆ. ಡೈಲಾಗ್ ಒಂದು ಸಲ ಓದಿ ಹೇಳಿದರೆ ಸಾಕು, ಹಾಗೇ ಒಪ್ಪಿಸುತ್ತಾಳೆ. ಶಾಟ್ ಇಲ್ಲದಾಗ ಮೇಕಪ್ ರೂಮಿನಲ್ಲೇ ಕೂತು ಮಗ್ಗಿ ಬರೆಯುತ್ತಾಳೆ. ಕೆಲಸ ಅವಳಿಗೆ ತುಂಬಾ ಇಷ್ಟ.

ಗೊಂದಲ ಇರೋದು ದುಡ್ಡಿನ ವಿಷಯದಲ್ಲಿ. ಬಾಲನಟರಿಗೆ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಕೊಡಬಾರದು ಅಂತ 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮದಲ್ಲಿದೆ. ಅದನ್ನು ಸೆಟ್‌ನಲ್ಲಿ ಪಾಲಿಸುತ್ತಾರೆ. ಆದರೆ ಸಂಭಾವನೆಯ ಕನಿಷ್ಠ 20% ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಗೆ ನೇರವಾಗಿ ಹೋಗಬೇಕು ಅಂತಲೂ ಇದೆ ಅಲ್ವಾ? ನಮಗೆ ಪೂರ್ತಿ ಹಣ ಮನೆಯವರ ಖಾತೆಗೇ ಬರುತ್ತಿದೆ. ಮ್ಯಾನೇಜರ್ ಹತ್ತಿರ ಕೇಳಿದರೆ "ನೀವೇ ಹಾಕ್ಕೊಳ್ಳಿ ಮೇಡಂ" ಅಂದರು. ಬ್ಯಾಂಕಿನಲ್ಲಿ ವಿಚಾರಿಸಿದರೆ ಮೈನರ್ ಖಾತೆಯ ಅರ್ಜಿ ಕೊಟ್ಟರು, ಅಷ್ಟೇ. ಅದು ಅವಳು ದುಡಿದ ಹಣ, 18 ತುಂಬಿದಾಗ ಅವಳ ಕೈ ಸೇರಲೇಬೇಕು.

ನಾವೇ ಎಫ್‌ಡಿ ಮಾಡಿಸಿದರೆ ನಿಯಮ ಪಾಲಿಸಿದ ಹಾಗಾಗುತ್ತಾ, ಇಲ್ಲ ನಿರ್ಮಾಪಕರೇ ಹಾಕಬೇಕಾ? ಅವರೇ ಹಾಕಬೇಕು ಅಂದರೆ ಬೆಂಗಳೂರಿನಲ್ಲಿ ಡಿಸಿ ಆಫೀಸಿಗೆ ಹೋಗಬೇಕಾ, ಕಾರ್ಮಿಕ ಇಲಾಖೆಗಾ? ಮಕ್ಕಳನ್ನು ಸೀರಿಯಲ್‌ಗೆ ಕಳಿಸಿರುವವರು ದಯವಿಟ್ಟು ತಿಳಿಸಿ.