ವಾಘೋಲಿಯ ನೀಲಿ ಹರಳು: ಕ್ಯಾವನ್ಸೈಟಾ, ಪೆಂಟಗೋನೈಟಾ?

ಕಲ್ಲುಮರುಳ:
ಊರು ಹುಬ್ಬಳ್ಳಿ, ಕೆಲಸ ಪುಣೆಯಲ್ಲಿ. ಇಲ್ಲೇ ಹತ್ತಿರದ ವಾಘೋಲಿ ಕ್ವಾರಿಯದು ಎಂದು ಒಂದು ಕಲ್ಲು ತಗೊಂಡಿದ್ದೇನೆ. ಬಿಳಿ ಸ್ಟಿಲ್ಬೈಟ್ ಖನಿಜದ ಮೇಲೆ ಕಡು ನೀಲಿ ಹರಳು. ಮಾರಿದವರು ಪೆಂಟಗೋನೈಟ್ ಎಂದು ಹೇಳಿ, ಅದನ್ನೇ ಹೋಲುವ ಇನ್ನೊಂದು ನೀಲಿ ಖನಿಜ ಕ್ಯಾವನ್ಸೈಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡು ತಗೊಂಡರು. ಜೊತೆಗೆ ಒಂದು ಲ್ಯಾಬ್ ರಿಪೋರ್ಟ್ ಕೊಟ್ಟಿದ್ದಾರೆ. ಇಡಿಎಸ್‌ನಲ್ಲಿ (ಕಲ್ಲಲ್ಲಿ ಯಾವ ಧಾತು ಇದೆ ಎಂದು ನೋಡುವ ಪರೀಕ್ಷೆ) ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕಾನ್, ಆಮ್ಲಜನಕ ಬಂದಿದೆ, ಕೆಳಗೆ 'ಪೆಂಟಗೋನೈಟ್ ದೃಢಪಟ್ಟಿದೆ' ಎಂದು ಸೀಲು. ಇಷ್ಟು ಸಾಕಾ?

ಎಕ್ಸ್‌ಆರ್‌ಡಿ ರೂಮಿನವಳು:
ಸಾಲದು ಸರ್. ಎರಡರಲ್ಲೂ ಇರುವುದು ಅದೇ ಕ್ಯಾಲ್ಸಿಯಂ, ಅದೇ ವೆನೇಡಿಯಂ, ಅಷ್ಟೇ ನೀರು. ಸೂತ್ರ ಒಂದೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಕ್ಯಾವನ್ಸೈಟ್‌ನ ಸಿಲಿಕೇಟ್ (ಸಿಲಿಕಾನ್-ಆಮ್ಲಜನಕದ) ಪದರದಲ್ಲಿ ನಾಲ್ಕು ಸಿಲಿಕಾನ್‌ನ ಮತ್ತು ಎಂಟು ಸಿಲಿಕಾನ್‌ನ ಉಂಗುರಗಳು, ಪೆಂಟಗೋನೈಟ್‌ನಲ್ಲಿ ಆರರ ಉಂಗುರಗಳು. ಇಡಿಎಸ್ ಹೇಳುವುದು ಯಾವ ಧಾತು ಇದೆ ಎಂದಷ್ಟೇ. ಹಿಟ್ಟಿನ ಚೀಟಿ ತೋರಿಸಿ 'ಇದು ಇಡ್ಲಿಯಲ್ಲ, ದೋಸೆ' ಎಂದು ಸೀಲು ಹಾಕಿದ ಹಾಗಾಯ್ತು ಇದು.

ಜೋಡಣೆ ನೋಡಲು ಎಕ್ಸ್‌ಆರ್‌ಡಿ ಬೇಕು, ಅಂದರೆ ಪುಡಿಯ ಮೇಲೆ ಎಕ್ಸ್-ರೇ ಬಿಟ್ಟು ಅದು ಯಾವ್ಯಾವ ಕೋನದಲ್ಲಿ ಚದುರುತ್ತದೆ ಎಂದು ನೋಡುವುದು. ಕೆಲವೇ ಮಿಲಿಗ್ರಾಂ ಸಾಕು. ಅಗೇಟ್ ಕಲ್ಲಿನ ಪುಟ್ಟ ಕುಟ್ಟಾಣಿಯಲ್ಲಿ ಒಂದು ಹನಿ ಆಲ್ಕೋಹಾಲ್ ಹಾಕಿ ಅರೆದರೆ ಆ ಕಡು ನೀಲಿ ನೋಡನೋಡುತ್ತಾ ಬಿಳಿಚಿಕೊಳ್ಳುತ್ತದೆ. ಗಾಬರಿಯಾಗಬೇಡಿ, ಪುಡಿಯ ಬಣ್ಣವೇ ಹಾಗೆ. ತಾಮ್ರದ ಎಕ್ಸ್-ರೇ ಟ್ಯೂಬ್ ಇರುವ ಯಂತ್ರದ ಗ್ರಾಫಿನಲ್ಲಿ 9.7 ಡಿಗ್ರಿ ಹತ್ತಿರ ದೊಡ್ಡ ಪೀಕ್ ಎದ್ದರೆ ಅದು ಸ್ಟಿಲ್ಬೈಟ್‌ನದು. ನೀಲಿ ಹರಳಿನ ಜೊತೆ ಬಿಳಿ ಚೂರೂ ಬಂದಿದೆ ಎಂದರ್ಥ. ಅದಕ್ಕೇ ಲೆನ್ಸ್ ಕೆಳಗಿಟ್ಟು ನೀಲಿ ಚೂರನ್ನಷ್ಟೇ ಆರಿಸಬೇಕು. ಈ ಕೆಲಸಕ್ಕೆ ಹಿಡಿಯುವಷ್ಟು ಹೊತ್ತು ಸ್ಕ್ಯಾನಿಗೂ ಹಿಡಿಯುವುದಿಲ್ಲ!

ಬಸಾಲ್ಟ್ ಬಸಣ್ಣ:
ಮೊದಲು ಕಣ್ಣಲ್ಲಿ ನೋಡ್ರಿ. ಹೂವಿನ ಥರ ಗುಂಡಗೆ ಅರಳಿದೆಯಾ? ಹಾಗಿದ್ದರೆ ಸಾಮಾನ್ಯವಾಗಿ ಕ್ಯಾವನ್ಸೈಟ್. ಉದ್ದುದ್ದ, ಚೂಪಾಗಿ ಬಿಡಿಬಿಡಿಯಾಗಿ ನಿಂತು, ತುದಿಯಿಂದ ನೋಡಿದರೆ ಐದು ಮೂಲೆಯ ನಕ್ಷತ್ರ ಕಂಡರೆ ಪೆಂಟಗೋನೈಟ್ ಇರಬಹುದು. ಆಮೇಲೆ, ಬುಡಕ್ಕೆ ಯುವಿ ಟಾರ್ಚ್ ಬಿಡಿ. ನೀಲಿ ಹರಳನ್ನು ಸ್ಟಿಲ್ಬೈಟ್‌ಗೆ ಅಂಟಿಸಿ ಮಾರುವವರಿದ್ದಾರೆ. ಎಷ್ಟೋ ಗೋಂದು ಯುವಿಯಲ್ಲಿ ಹೊಳೆಯುತ್ತದೆ.

ಕಲ್ಲುಮರುಳ:
ಗೋಂದು ಕಾಣಲಿಲ್ಲ ಬಸಣ್ಣ. ಹರಳು ಉದ್ದಕ್ಕೇ ಇದೆ, ಆದರೆ ತುದಿ ಮುರಿದಿದೆ, ನಕ್ಷತ್ರ ಗೊತ್ತಾಗುತ್ತಿಲ್ಲ. ಮೇಡಂ, ಇರುವುದೇ ಒಂದು ಹರಳು. ಅರೆಯಲು ಮನಸ್ಸು ಬರುತ್ತಿಲ್ಲ. ಬೇರೆ ದಾರಿ ಇಲ್ವಾ?

ಎಕ್ಸ್‌ಆರ್‌ಡಿ ರೂಮಿನವಳು:
ರಾಮನ್ ಪರೀಕ್ಷೆ ಮಾಡಿಸಿ, ಲೇಸರ್ ಬಿಟ್ಟು ಚದುರಿ ಬರುವ ಬೆಳಕಿನಿಂದ ಖನಿಜ ಗುರುತಿಸುವುದು. ಕಲ್ಲನ್ನು ಇದ್ದ ಹಾಗೇ ಮೈಕ್ರೋಸ್ಕೋಪ್ ಕೆಳಗಿಡುತ್ತಾರೆ, ಪುಡಿ ಬೇಡ. (ಸಿ.ವಿ. ರಾಮನ್ ಅವರಿಗೂ ಹರಳುಗಳ ಹುಚ್ಚಿತ್ತು. ಅವರ ಸಂಗ್ರಹ ಬೆಂಗಳೂರಿನ ಅವರ ಸಂಸ್ಥೆಯಲ್ಲೇ ಇದೆ.) ಲೇಸರ್ ಪವರ್ ತೀರಾ ಕಡಿಮೆ ಇಡಲು ಹೇಳಿ. ಕಡು ಬಣ್ಣದ ಹರಳು ಬೇಗ ಬಿಸಿಯಾಗುತ್ತದೆ, ಇದರೊಳಗೆ ನೀರು ಬೇರೆ ಇದೆ. ಬಂದ ಗ್ರಾಫನ್ನು ಅರಿಜೋನಾ ವಿಶ್ವವಿದ್ಯಾಲಯದ ಆರ್‌ಆರ್‌ಯುಎಫ್‌ಎಫ್ ಡೇಟಾಬೇಸ್‌ನಲ್ಲಿರುವ ಎರಡೂ ಖನಿಜಗಳ ಗ್ರಾಫ್ ಜೊತೆ ಹೋಲಿಸಿ. ಬರೀ ಹೆಸರು ಬರೆದ ರಿಪೋರ್ಟ್ ಬೇಡ, ಮೂಲ ಡೇಟಾ ಫೈಲನ್ನೇ ಕೇಳಿ ಪಡೆಯಿರಿ. ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ.