‘ಮಡು’ ಸರಿಯೇ? ಆಳಗಡಲ ಕೆಂಬೇರಿಯ ನೆಲೆಗೊಂದು ಪದ ಬೇಕು

ನಮಸ್ಕಾರ. ಬಾಗಲಕೋಟೆಯ ಹಿನ್ನೀರಿನ ದಂಡೆಯ ಮಕ್ಕಳಿಗಾಗಿ ಕಡಲ ಮೀನುಗಳ ಕುರಿತು ಸಣ್ಣ ಪುಸ್ತಕ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ನಾಲ್ಕು ದಿನದಿಂದ ನಿಂತಿದ್ದೇನೆ.

ಮೀನು ಆಳನೀರಿನ ಸ್ನ್ಯಾಪರ್, ವಿಜ್ಞಾನದ ಹೆಸರು ಈಟೆಲಿಸ್ ಕೊರಸ್ಕಾನ್ಸ್. ಪೂರ್ವ ಆಫ್ರಿಕಾದಿಂದ ಹವಾಯಿವರೆಗಿನ ಬಿಸಿಸೀಮೆಯ ಕಡಲುಗಳಲ್ಲಿ, ಹೆಚ್ಚಾಗಿ 200ರಿಂದ 300 ಮೀಟರ್ ಆಳದಲ್ಲಿ ಇದರ ವಾಸ. ಹೆಸರಿನ ತೊಡಕು ಬೇಗ ಬಗೆಹರಿಯಿತು. ಕರಾವಳಿಯವರು ಇದೇ ಕುಟುಂಬದ ಕೆಂಪು ಮೀನಿಗೆ ಕೆಂಬೇರಿ ಅನ್ನುತ್ತಾರೆ. ಹವಾಯಿಯಲ್ಲಿ ಇದಕ್ಕೆ ಓನಾಗಾ ಎಂಬ ಜಪಾನಿ ಹೆಸರಿದೆ, ಅಂದರೆ ಉದ್ದಬಾಲ. ಬಾಲದ ಎರಡೂ ಕವಲು ನೀಳ, ಮೇಲಿನದು ಇನ್ನಷ್ಟು ನೀಳ. ಹಾಗಾಗಿ ‘ನೀಳಬಾಲದ ಕೆಂಬೇರಿ’ ಎಂದು ಬರೆದುಕೊಂಡೆ.

ತೊಡಕು ಇರುವುದು ಅದರ ನೆಲೆಯ ಪದದಲ್ಲಿ. ಮೊದಲು ‘ಕಡಲ ಮಡುವಿನಲ್ಲಿ ಇರುತ್ತದೆ’ ಎಂದು ಬರೆದಿದ್ದೆ. ನಮ್ಮ ಕಡೆ ಹೊಳೆಯ ಆಳಕ್ಕೆ ಮಡುವೆಂದೇ ಹೆಸರು. ಕೃಷ್ಣೆಯಲ್ಲಿ ಬಲೆ ಹಾಕುವ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಬಲೆಯ ಗಂಟು ಬಿಡಿಸುತ್ತಲೇ, “ಮಡು ಅಂದ್ರ ನೀರು ನಿಂತ ತಗ್ಗರೀ. ನಿಮ್ಮ ಮೀನ ತಗ್ಗಿನ್ಯಾಗ ಇರತೈತೋ, ತಗ್ಗಿನ ಬಾಜೂಕ ಇರತೈತೋ?” ಅಂದರು.

ಅವರು ಹಿಡಿದದ್ದು ನಿಜವಾದ ತಪ್ಪು. ಈ ಮೀನು ತಳದ ಕೆಸರಿನದಲ್ಲ. ಕಡಲೊಳಗಿನ ಗುಡ್ಡದ ಕಡಿದಾದ ಬಂಡೆಯ ಪಕ್ಕ, ನೆಲದಿಂದ ತುಸು ಮೇಲೆ ಗುಂಪಾಗಿ ಈಜುತ್ತದೆ. ಸಣ್ಣ ಮೀನು, ಸ್ಕ್ವಿಡ್, ಸಿಗಡಿ ತಿನ್ನುತ್ತದೆ. ಇದನ್ನು ಹೇಳಿದಾಗ ಅವರು, “ಹಂಗಾರ ಮುಳುಗಡಿ ಊರಿನ ಗ್ವಾಡಿ ಇದ್ದಂಗ. ನಾವೂ ಅಲ್ಲೇ ಬಲಿ ಹಾಕ್ತೀವಿ” ಅಂದರು. ಬೇಸಿಗೆಯಲ್ಲಿ ನೀರಿಳಿದಾಗ ತಲೆಯೆತ್ತುವ ಆ ಗೋಡೆಗಳನ್ನು ನಮ್ಮ ಮಕ್ಕಳೆಲ್ಲ ಕಂಡಿದ್ದಾರೆ.

ಮಡು ಬಿಟ್ಟು, ಆ ಕಡಿದಾದ ಬಂಡೆಯ ಪಕ್ಕಕ್ಕೆ ಬೇರೆ ಪದಗಳನ್ನು ನೋಡಿದೆ. ‘ಇಳಿಜಾರು’ ಎಂದರೆ ಹೊಲದ ಓರೆಯಷ್ಟೇ ಕಣ್ಣಿಗೆ ಬರುತ್ತದೆ. ‘ಕೊಳ್ಳ’ ಎಂದರೆ ಶಬರಿಕೊಳ್ಳದಂತೆ ಎರಡು ಗುಡ್ಡಗಳ ನಡುವಿನ ಜಾಗ. ‘ಪ್ರಪಾತ’ ಎಂದೊಡನೆ ಮಕ್ಕಳು ಬೀಳುವುದನ್ನು ನೆನೆಯುತ್ತಾರೆ, ಇರುವುದನ್ನಲ್ಲ.

ಇನ್ನೊಂದು ಮಾತು. ಇದನ್ನು ಬೇಗ ಮೇಲೆಳೆದರೆ ನೀರಿನ ಒತ್ತಡ ತಗ್ಗಿ ಮೈಯೊಳಗಿನ ಒಂದು ಚೀಲದ ಗಾಳಿ ಹಿಗ್ಗುತ್ತದೆ, ಹೊಟ್ಟೆಯೇ ಬಾಯಿಂದ ಹೊರಬರುವುದುಂಟು. ಆ ಚೀಲಕ್ಕೆ ಪುಸ್ತಕಗಳ ‘ಈಜುಚೀಲ’ ನನಗೆ ಒಗ್ಗಲಿಲ್ಲ. ಅದು ಮೀನನ್ನು ತೇಲಿಸುತ್ತದೆ, ಈಜಿಸುವುದಿಲ್ಲ. ‘ಗಾಳಿಚೀಲ’ ಎಂದೇ ಇಟ್ಟಿದ್ದೇನೆ.

ನೆಲೆಯ ಪದ ಮಾತ್ರ ಇನ್ನೂ ಸಿಕ್ಕಿಲ್ಲ. ಇಳಕಲ್ಲಿನ ಕಲ್ಲುಗಣಿಗಳಲ್ಲಿ ನೆಟ್ಟಗೆ ಕಡಿದ ಬಂಡೆಯ ಮುಖಕ್ಕೆ ಕೆಲಸಗಾರರು ಏನೆನ್ನುತ್ತಾರೆ? ಬಾವಿ ತೋಡುವವರ ಬಾಯಲ್ಲಿ ಬೇರೆ ಮಾತಿದೆಯೇ? ಬಲ್ಲವರು ಅವರು ಆಡುವಂತೆಯೇ ಬರೆದು ತಿಳಿಸಿ.